ಹನಿಗೂಡಿದರೆ ಹಳ್ಳ, ಆದರೆ ಕೂಡಿಸುವ ಕೂಲಿ ಯಾರದು?

ದೀಪಾವಳಿಗೆ ಮನೆ ಗುಡಿಸುವಾಗ ಅಟ್ಟದಿಂದ ಹಳೆಯ ಹಾರ್ಲಿಕ್ಸ್ ಡಬ್ಬಿಯೊಂದು ಇಳಿಯಿತು. ಅಲ್ಲಾಡಿಸಿದರೆ ಜಣಜಣ ಸದ್ದು. ನೆಲಕ್ಕೆ ಪೇಪರ್ ಹಾಸಿ ಸುರಿದೆ. ಒಂದು ರೂಪಾಯಿಯವು 214, ಎರಡರವು 61, ಐದರವು 9, ಎಂಟಾಣೆ ಎಂದು ಇವತ್ತಿಗೂ ಕರೆಯುವ ಐವತ್ತು ಪೈಸೆಯವು 26. ತಳದಲ್ಲಿ ಕಪ್ಪಿಟ್ಟ ನಾಲ್ಕಾಣೆಗಳು 17. ವಿಂಗಡಿಸಿ, ಹತ್ತು ಹತ್ತರ ಕಂಬ ನಿಲ್ಲಿಸಿ ಎಣಿಸುವಷ್ಟರಲ್ಲಿ ನಲವತ್ತು ನಿಮಿಷ ಹೋಯಿತು, ಬೆರಳು ಕಬ್ಬಿಣದ ವಾಸನೆ ಹೊಡೆಯಿತು. ಒಟ್ಟು 394 ರೂಪಾಯಿ. ನಾಲ್ಕಾಣೆಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ಅಷ್ಟೂ ಹೊತ್ತು ಮೊಬೈಲ್ ಒತ್ತುತ್ತಿದ್ದ. “ಏನೋ ಅದು?” ಎಂದರೆ, “ನಂದೂ ಚಿಲ್ಲರೆನೇ ಮಾಮ. ಗಂಟೆಗೊಮ್ಮೆ ಒತ್ತಿದ್ರೆ ಮೂರು ಸತೋಶಿ ಬೀಳುತ್ತೆ. ಬಿಟ್‌ಕಾಯಿನ್!” ಎಂದು ಪರದೆ ತೋರಿಸಿದ. ಮೂರು ತಿಂಗಳಲ್ಲಿ 4,050 ಸತೋಶಿ ಸೇರಿತ್ತು. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂದು ನಾನೇ ಅವನಿಗೆ ಹೇಳಿಕೊಟ್ಟದ್ದು. ಆವತ್ತು ಮಾತ್ರ ಆ ಗಾದೆಯ ಮೇಲೆ ಅನುಮಾನ ಬಂತು. ಮಳೆಹನಿ ಹಳ್ಳ ಸೇರಲು ಯಾರಿಗೂ ಕೂಲಿ ಕೊಡಬೇಕಿಲ್ಲ, ಇಳಿಜಾರೇ ಒಯ್ಯುತ್ತದೆ. ದುಡ್ಡಿನ ಹನಿಗೆ ಆ ಇಳಿಜಾರನ್ನು ಯಾರಾದರೂ ಕಟ್ಟಬೇಕು.

ಮೂರು ಕೂಲಿ

ಯಾವ ಸಣ್ಣ ಮೊತ್ತಕ್ಕೂ ಮೂರು ಖರ್ಚುಗಳಿವೆ. ಮೊದಲನೆಯದು ಕೂಡಿಸುವ ಕೂಲಿ: ಅದನ್ನು ಸಂಪಾದಿಸಲು, ಎಣಿಸಲು ಹೋಗುವ ಹೊತ್ತು. ಎರಡನೆಯದು ಕಾಯುವ ಕೂಲಿ: ಇಟ್ಟ ಜಾಗದಲ್ಲಿ ಅದು ಕರಗದಂತೆ, ಕಳೆದುಹೋಗದಂತೆ, ಮರೆತುಹೋಗದಂತೆ ನೋಡಿಕೊಳ್ಳುವುದು. ಮೂರನೆಯದು ಸಾಗಿಸುವ ಕೂಲಿ: ಇದ್ದಲ್ಲಿಂದ ಬೇಕಾದಲ್ಲಿಗೆ ಒಯ್ದು ಖರ್ಚು ಮಾಡಲು ತೆರುವುದು. ಈ ಮೂರನ್ನೂ ಕಳೆದ ಮೇಲೆ ಉಳಿಯುವುದೇ ನಿಜವಾದ ಮೊತ್ತ.

ಇದನ್ನು ನಮ್ಮ ಕರಾವಳಿಯವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೇ ಬಂದು ಬರೆದುಕೊಂಡು ಹೋಗುತ್ತಿದ್ದ. ಹದಿನಾರಾಣೆಗೆ ಒಂದು ರೂಪಾಯಿ. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರೂಮುಕ್ಕಾಲು ರೂಪಾಯಿ. ಅಷ್ಟಕ್ಕಾಗಿ ನೇಕಾರನೊಬ್ಬ ದಿನವೂ ಬ್ಯಾಂಕಿಗೆ ನಡೆದಿದ್ದರೆ ಅವನ ಮಗ್ಗ ನಿಲ್ಲುತ್ತಿತ್ತು. ಒಬ್ಬ ಏಜೆಂಟ್ ಒಂದು ಬೀದಿ ನಡೆದು ಐವತ್ತು ಮನೆಯ ಎರಡಾಣೆ ತಂದರೆ ನಡಿಗೆಯ ಖರ್ಚು ಐವತ್ತು ಪಾಲಾಗುತ್ತದೆ. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆದರೆ ಪಿಗ್ಮಿ ಸಂಗ್ರಾಹಕರು ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಸೊಸೈಟಿಗಳ ಪರವಾಗಿ ಇವತ್ತೂ ಅಂಗಡಿ ಅಂಗಡಿ ಸುತ್ತುತ್ತಾರೆ. ಅವರ ಕಮಿಷನ್ ಸುಮ್ಮನೆ ಬರುವುದಿಲ್ಲ. ಅವಧಿಗೆ ಮೊದಲೇ ಪಿಗ್ಮಿ ಮುರಿಸಿದರೆ ಬಡ್ಡಿ ಸಿಗದಿರಬಹುದು, ಕಮಿಷನ್ನೂ ನಿಮ್ಮ ಹಣದಿಂದಲೇ ಕಡಿತವಾಗಬಹುದು. ಸೇರುವ ಮೊದಲೇ ಈ ಷರತ್ತು ಕೇಳಿಕೊಳ್ಳಿ.

ಡಬ್ಬಿಯ ಚಿಲ್ಲರೆಗೆ ಕಾನೂನು ಏನು ಹೇಳುತ್ತದೆ

2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಒಮ್ಮೆಗೆ ಸಾವಿರ ರೂಪಾಯಿವರೆಗೆ ಪಾವತಿ ಮಾಡಬಹುದು; ಎಂಟಾಣೆಯಲ್ಲಾದರೆ ಹತ್ತು ರೂಪಾಯಿವರೆಗೆ ಮಾತ್ರ. ನನ್ನ 26 ಎಂಟಾಣೆಗಳ ಬೆಲೆ ಹದಿಮೂರು ರೂಪಾಯಿ. ಅಂದರೆ ಅಷ್ಟನ್ನೂ ಒಂದೇ ಕಡೆ ಸುರಿದು “ತಗೊಳ್ಳಲೇಬೇಕು” ಎಂದು ಪಟ್ಟು ಹಿಡಿಯುವಂತಿಲ್ಲ. ಹಾಗಂತ ಎಂಟಾಣೆ ಸತ್ತಿಲ್ಲ. ಅಂಗಡಿಯವರು ಮುಖ ತಿರುಗಿಸಿದರೂ ಕಾನೂನಿನ ಲೆಕ್ಕದಲ್ಲಿ ಅದು ಇವತ್ತಿಗೂ ಹಣ. ಹತ್ತು ರೂಪಾಯಿಯ ನಾಣ್ಯದ ಕಥೆಯೂ ಹಾಗೆಯೇ. “ಇದು ನಡೆಯಲ್ಲ” ಎಂಬ ಗಾಳಿಸುದ್ದಿ ಎದ್ದಾಗ, ಹದಿನಾಲ್ಕು ವಿನ್ಯಾಸದವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕೇ ಹೇಳಬೇಕಾಯಿತು.

ಬ್ಯಾಂಕಿಗೆ ಕೊಡುವುದಾದರೆ ಮಿತಿಯ ತೊಡಕಿಲ್ಲ. ನಾಣ್ಯಗಳನ್ನು ಖಾತೆಗೆ ಕಟ್ಟಿಸಿಕೊಳ್ಳಬೇಕೆಂದು ರಿಸರ್ವ್ ಬ್ಯಾಂಕಿನ ಸೂಚನೆಯಿದೆ. ಒಂದು, ಎರಡು ರೂಪಾಯಿಯವನ್ನು ತೂಕದ ಮೇಲೂ ತೆಗೆದುಕೊಳ್ಳಬಹುದು, ನೂರು ನೂರರ ಪ್ಲಾಸ್ಟಿಕ್ ಪೊಟ್ಟಣ ಮಾಡಿ ಒಯ್ದರೆ ಕೆಲಸ ಸಲೀಸು. 2011ರ ಸರಣಿಯ ಒಂದು ರೂಪಾಯಿ ನಾಣ್ಯದ ತೂಕ 3.79 ಗ್ರಾಂ. ಸಾವಿರ ನಾಣ್ಯವೆಂದರೆ ಹತ್ತಿರ ಹತ್ತಿರ 3.8 ಕಿಲೊ. ಆಟೊ ಹಿಡಿದು ಒಯ್ದರೆ ಆಟೊದವನಿಗೇ ಅದರಲ್ಲಿ ಪಾಲು ಹೋಗುತ್ತದೆ.

ಇದರ ಪಕ್ಕ ಯುಪಿಐ ಇಡಿ. ಒಂದು ರೂಪಾಯಿ ಕಳಿಸಿದರೂ ನಮ್ಮ ಕೈಯಿಂದ ಶುಲ್ಕ ಹೋಗುವುದಿಲ್ಲ, ಬಂದ ಒಂದು ರೂಪಾಯಿ ಖಾತೆಯ ಮೊತ್ತದಲ್ಲಿ ತಾನಾಗಿಯೇ ಕರಗುತ್ತದೆ. ಇಲ್ಲಿ ಇಳಿಜಾರು ಸಿದ್ಧವಿದೆ. ಆದ್ದರಿಂದ ಖಾತೆಗೆ ಬರುವ ರೂಪಾಯಿಯನ್ನು ಸಣ್ಣದೆಂದು ಬಿಡಬೇಕಿಲ್ಲ. ಮರೆತ ಹಳೆಯ ಖಾತೆಗಳಿಗೂ ಇದೇ ಮಾತು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿಯನ್ನು ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗಾಯಿಸುತ್ತವೆ, ಆದರೆ ವಾರಸುದಾರರ ಹಕ್ಕು ಹೋಗುವುದಿಲ್ಲ. 2023ರಲ್ಲಿ ಶುರುವಾದ ‘ಉದ್ಗಮ್’ ಜಾಲತಾಣದಲ್ಲಿ ಹೆಸರು ಹಾಕಿ ಹಲವು ಬ್ಯಾಂಕುಗಳಲ್ಲಿ ಒಟ್ಟಿಗೇ ಹುಡುಕಬಹುದು. ಅಜ್ಜನ ಹೆಸರಲ್ಲಿ ಏನಿದೆಯೆಂದು ನೋಡಲು ತಗಲುವುದು ಹತ್ತು ನಿಮಿಷ, ಖರ್ಚು ಸೊನ್ನೆ.

ನಲ್ಲಿಯಿಂದ ತೊಟ್ಟಿಕ್ಕುವ ಸತೋಶಿ

ಈಗ ಹುಡುಗನ ಮೊಬೈಲಿಗೆ ಬರೋಣ. ಒಂದು ಬಿಟ್‌ಕಾಯಿನ್ನಿಗೆ ಹತ್ತು ಕೋಟಿ ಸತೋಶಿ. ಬೆಲೆ ದಿನವೂ ಏರಿಳಿಯುವುದರಿಂದ ಲೆಕ್ಕದ ಅನುಕೂಲಕ್ಕೆ ಒಂದು ಬಿಟ್‌ಕಾಯಿನ್ 80 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಆಗ ಒಂದು ಸತೋಶಿಗೆ ಎಂಟು ಪೈಸೆ. ಜಾಹೀರಾತು ನೋಡಿದ್ದಕ್ಕೆ, ಒಗಟು ಬಿಡಿಸಿದ್ದಕ್ಕೆ ಕೆಲವು ಸತೋಶಿ ಕೊಡುವ ತಾಣಗಳಿಗೆ ಫಾಸೆಟ್ ಎನ್ನುತ್ತಾರೆ, ಎಂದರೆ ನಲ್ಲಿ. ಜಾಹೀರಾತಿನಿಂದ ತಾಣಕ್ಕೆ ಬಂದದ್ದರಲ್ಲಿ ಒಂದು ತೊಟ್ಟು ನಮಗೆ ಬೀಳುತ್ತದೆ.

ಅವನು ದಿನಕ್ಕೆ ಹದಿನೈದು ಸಲ ಒತ್ತುತ್ತಿದ್ದ. ಜಾಹೀರಾತು ಮುಗಿದು, “ಬಸ್ಸಿರುವ ಚಿತ್ರಗಳನ್ನು ಆರಿಸಿ” ಎಂಬ ಪರೀಕ್ಷೆ ಪಾಸಾಗಿ, ಮೂರು ಸತೋಶಿ ಬೀಳಲು ಒಂದು ನಿಮಿಷ. ಮೂರು ತಿಂಗಳಿಗೆ ಇಪ್ಪತ್ತೆರಡೂವರೆ ಗಂಟೆ. ಸಿಕ್ಕ 4,050 ಸತೋಶಿಗೆ 324 ರೂಪಾಯಿ. ಗಂಟೆಗೆ ಹದಿನಾಲ್ಕು ರೂಪಾಯಿ ಚಿಲ್ಲರೆ. ಎಂಟು ತಾಸು ದುಡಿದರೆ 115. ಕರ್ನಾಟಕದಲ್ಲಿ 2025-26ರ ನರೇಗಾ ದಿನಗೂಲಿ 370 ರೂಪಾಯಿ. ಇದಲ್ಲದೆ, ಹತ್ತು ಸಾವಿರ ಸತೋಶಿ ತುಂಬುವ ತನಕ ಹಣ ಹೊರಗೆ ತೆಗೆಯುವಂತಿಲ್ಲ ಎಂದು ತಾಣದ ನಿಯಮದಲ್ಲಿತ್ತು. ಅಲ್ಲಿಯವರೆಗೆ ಅವನ ಬಳಿ ಇರುವುದು ಬಿಟ್‌ಕಾಯಿನ್ ಅಲ್ಲ, “ನಿನಗೆ ಇಷ್ಟು ಕೊಡಬೇಕಿದೆ” ಎಂಬ ಒಂದು ಬರಹ. ಬಸ್ ಟಿಕೆಟಿನ ಹಿಂದೆ ಕಂಡಕ್ಟರ್ ಗೀಚಿಕೊಡುವ ಬಾಕಿ ಚಿಲ್ಲರೆಯಂತೆ. ಇಳಿಯುವ ಗಡಿಬಿಡಿಯಲ್ಲಿ ಅದನ್ನು ಎಷ್ಟು ಸಲ ಮರೆತಿಲ್ಲ ನಾವು?

ಹನಿಗಳು ಬೆರೆಯದ ಹಳ್ಳ

ಹತ್ತು ಸಾವಿರ ತುಂಬಿ ಸ್ವಂತ ವ್ಯಾಲೆಟ್ಟಿಗೆ ಬಂದರೂ ಕಥೆ ಮುಗಿಯುವುದಿಲ್ಲ. ವ್ಯಾಲೆಟ್ ತೆರೆದರೆ ಒಟ್ಟು ಮೊತ್ತ ಕಾಣುತ್ತದೆ, ಆದ್ದರಿಂದ ಬ್ಯಾಂಕ್ ಖಾತೆಯಂತೆ ಎಲ್ಲ ಒಂದಾಗಿದೆ ಎನ್ನಿಸುತ್ತದೆ. ಬಿಟ್‌ಕಾಯಿನ್ನಿನಲ್ಲಿ ಹಾಗಿಲ್ಲ. ಅಲ್ಲಿ ಬಂದ ಪ್ರತಿಯೊಂದು ಪಾವತಿಯೂ ಒಂದು ಬಿಡಿ ನಾಣ್ಯವಾಗಿ ಹಾಗೆಯೇ ಉಳಿಯುತ್ತದೆ. ನೂರು ಸಲ ಬಂದರೆ ನೂರು ಬಿಡಿ. ಖರ್ಚು ಮಾಡುವಾಗ ಯಾವ ಯಾವ ಬಿಡಿಗಳನ್ನು ಕೊಡುತ್ತಿದ್ದೀರಿ ಎಂಬುದನ್ನು ಒಂದೊಂದಾಗಿ ಹೆಸರಿಸಿ, ಒಂದೊಂದಕ್ಕೂ ಸಹಿ ಹಾಕಬೇಕು. ಈ ಹೆಸರು, ಸಹಿಗಳು ಜಾಗ ತಿನ್ನುತ್ತವೆ. ಈಗ ಬಳಕೆಯಲ್ಲಿರುವ ಸೆಗ್‌ವಿಟ್ ಎಂಬ ಮಾದರಿಯ ವಿಳಾಸದ ಒಂದು ಬಿಡಿಗೆ ಸುಮಾರು 68 ಬೈಟ್ ಲೆಕ್ಕ ಹಿಡಿಯುತ್ತಾರೆ, ಹಳೆಯ ಮಾದರಿಯ ವಿಳಾಸವಾದರೆ 148.

ಬಿಟ್‌ಕಾಯಿನ್ ಶುಲ್ಕ ಬೀಳುವುದು ಈ ಜಾಗಕ್ಕೆ, ಮೊತ್ತಕ್ಕಲ್ಲ. ಪಾರ್ಸೆಲ್ ಆಫೀಸಿನವನು ಗಂಟಿನೊಳಗೆ ಬಂಗಾರವಿದೆಯೋ ಭತ್ತವಿದೆಯೋ ಎಂದು ನೋಡದೆ ತಕ್ಕಡಿ ನೋಡಿ ಹಣ ಕೇಳುವಂತೆ. ವ್ಯವಹಾರಗಳನ್ನು ಬರೆದುಕೊಂಡು ಹತ್ತು ನಿಮಿಷಕ್ಕೊಂದರಂತೆ ಬರುವ ಬ್ಲಾಕ್‌ನಲ್ಲಿ ಜಾಗ ಸೀಮಿತ. ನೂಕುನುಗ್ಗಲಿದ್ದಾಗ ಬೈಟಿಗೆ ಹೆಚ್ಚು ಸತೋಶಿ ಕೊಟ್ಟವರಿಗೆ ಮೊದಲು ಸೀಟು.

ಹತ್ತಿರದಿಂದ ನೋಡೋಣ. ಇಬ್ಬರ ಬಳಿಯೂ ಒಂದು ಲಕ್ಷ ಸತೋಶಿ ಇದೆ, ನಮ್ಮ ಲೆಕ್ಕದಲ್ಲಿ 8,000 ರೂಪಾಯಿ. ಒಬ್ಬನಿಗೆ ಅದು ಒಂದೇ ಗಂಟಾಗಿ ಬಂದಿದೆ. ಇನ್ನೊಬ್ಬನಿಗೆ ಸಾವಿರ ಸಾವಿರದಂತೆ ನೂರು ಸಲ ಬಂದಿದೆ. ಶುಲ್ಕ ಬೈಟಿಗೆ ಹತ್ತು ಸತೋಶಿ ಇರುವ ದಿನ ಇಬ್ಬರೂ ಪೂರ್ತಿ ಮೊತ್ತವನ್ನು ಬೇರೆ ಕಡೆ ಕಳಿಸುತ್ತಾರೆ. ಮೊದಲನೆಯವನ ವ್ಯವಹಾರ ಸುಮಾರು 110 ಬೈಟ್, ಶುಲ್ಕ 1,100 ಸತೋಶಿ, ಅಂದರೆ 88 ರೂಪಾಯಿ. ಎರಡನೆಯವನದು 6,842 ಬೈಟ್, ಶುಲ್ಕ 68,420 ಸತೋಶಿ. ಎಂಟು ಸಾವಿರದಲ್ಲಿ 5,474 ರೂಪಾಯಿ ದಾರಿಯಲ್ಲೇ ಹೋಯಿತು. ಬೈಟಿಗೆ ಐವತ್ತು ಇದ್ದ ದಿನವಾದರೆ ಇರುವುದೆಲ್ಲ ಕೊಟ್ಟರೂ ಶುಲ್ಕ ತೀರುವುದಿಲ್ಲ. ಬೆಟ್ಟ ಅಗೆದು ಇಲಿ ಹಿಡಿದದ್ದೂ ಅಲ್ಲ ಇದು, ಇಲಿಯೂ ಇಲ್ಲ. 2024ರ ಏಪ್ರಿಲ್ 20ರಂದು, ಬ್ಲಾಕ್ ಕಟ್ಟುವ ಗಣಿಗಾರರ ಪ್ರತಿಫಲ ಅರ್ಧಕ್ಕಿಳಿದ ದಿನ, ಒಂದು ವ್ಯವಹಾರದ ಸರಾಸರಿ ಶುಲ್ಕವೇ ನೂರು ಡಾಲರ್ ದಾಟಿತ್ತು.

ಸಾಗಿಸುವ ಕೂಲಿಗಿಂತ ಬೆಲೆ ಕಡಿಮೆಯಾದ ಇಂಥ ಬಿಡಿಗೆ ಡಸ್ಟ್ ಎಂದು ಹೆಸರು, ಧೂಳು. ಬಿಟ್‌ಕಾಯಿನ್ ತಂತ್ರಾಂಶದಲ್ಲೇ ಇದಕ್ಕೊಂದು ಹೊಸ್ತಿಲಿದೆ. ಹಳೆಯ ಮಾದರಿಯ ಬಿಡಿಯನ್ನು ಹುಟ್ಟಿಸಲು 34 ಬೈಟ್, ಮುಂದೊಮ್ಮೆ ಖರ್ಚು ಮಾಡಲು 148, ಒಟ್ಟು 182. ಬೈಟಿಗೆ ಮೂರು ಸತೋಶಿಯಂತೆ ಗುಣಿಸಿದರೆ 546. ಅದಕ್ಕಿಂತ ಚಿಕ್ಕ ಪಾವತಿಯನ್ನು ಜಾಲದ ಕಂಪ್ಯೂಟರುಗಳು ಸಾಮಾನ್ಯವಾಗಿ ಮುಂದಕ್ಕೆ ದಾಟಿಸುವುದೇ ಇಲ್ಲ. ಸೆಗ್‌ವಿಟ್ ಬಿಡಿಗೆ ಈ ಹೊಸ್ತಿಲು 294.

ಎಥೀರಿಯಂ ಎಂಬ ಇನ್ನೊಂದು ಕ್ರಿಪ್ಟೊ ಜಾಲದಲ್ಲಿ ಬಂದದ್ದು ಬ್ಯಾಂಕ್ ಖಾತೆಯಂತೆ ಒಂದೇ ಮೊತ್ತದಲ್ಲಿ ಬೆರೆಯುತ್ತದೆ. ಆದರೆ ಅಲ್ಲಿನ ತೊಡಕು ಬೇರೆ. ಅಲ್ಲಿ ಕೆಲಸದ ಅಳತೆಗೆ ಗ್ಯಾಸ್ ಎಂದು ಹೆಸರು; ಸರಳ ವರ್ಗಾವಣೆಗೆ 21,000 ಗ್ಯಾಸ್ ಬೇಕು, ಕಳಿಸುವುದು ಹತ್ತು ರೂಪಾಯಿಯಾದರೂ ಹತ್ತು ಲಕ್ಷವಾದರೂ ಅಷ್ಟೇ. ಗ್ಯಾಸಿನ ಬೆಲೆಯನ್ನು ಆ ಜಾಲದ ನಾಣ್ಯವಾದ ಈಥರ್‌ನಲ್ಲೇ ತೆರಬೇಕು. ಪುಕ್ಕಟೆ ಸಿಕ್ಕ ಯಾವುದೋ ಟೋಕನ್ ಮುನ್ನೂರು ರೂಪಾಯಿಯದ್ದು ಇದ್ದು, ಈಥರ್ ಇಲ್ಲದಿದ್ದರೆ ಟೋಕನ್ ಅಲುಗಾಡುವುದಿಲ್ಲ.

“ಆವತ್ತು ಐದು ಕಾಯಿನ್ ಪುಕ್ಕಟೆ ಕೊಡ್ತಿದ್ರಂತಲ್ಲ?”

ಇದನ್ನೆಲ್ಲ ವಿವರಿಸಿದ ಮೇಲೆ ಹುಡುಗ ಹಾಕಿದ ಸವಾಲು ಇದು. ಮಾತು ನಿಜ. ಬಿಟ್‌ಕಾಯಿನ್ನಿನ ಆರಂಭದ ಪ್ರೋಗ್ರಾಮರುಗಳಲ್ಲೊಬ್ಬರಾದ ಗ್ಯಾವಿನ್ ಆಂಡ್ರೆಸೆನ್ 2010ರಲ್ಲಿ ಮೊದಲ ಫಾಸೆಟ್ ತೆರೆದಾಗ ಬಂದವರಿಗೆಲ್ಲ ಐದೈದು ಬಿಟ್‌ಕಾಯಿನ್ ಕೊಡುತ್ತಿದ್ದರು. ನಮ್ಮ ಲೆಕ್ಕದಲ್ಲಿ ಇವತ್ತು ನಾಲ್ಕು ಕೋಟಿ ರೂಪಾಯಿ. ಅದೇ ವರ್ಷದ ಮೇ 22ರಂದು ಲಾಸ್ಲೊ ಹಾನ್ಯೆಜ್ ಎಂಬವರು ಹತ್ತು ಸಾವಿರ ಬಿಟ್‌ಕಾಯಿನ್ನಿಗೆ ಎರಡು ಪಿಜ್ಜಾ ತರಿಸಿದ್ದರು, ಆಗ ಅದರ ಬೆಲೆ ಸುಮಾರು 41 ಡಾಲರ್. ಆ ದರದಲ್ಲಿ ಐದು ಬಿಟ್‌ಕಾಯಿನ್ನಿಗೆ ಎರಡು ಸೆಂಟ್. ಆವತ್ತಿನ ನಲ್ಲಿಯಿಂದ ಬೀಳುತ್ತಿದ್ದದ್ದೂ ಚಿಲ್ಲರೆಯೇ.

ಆದರೆ ಆವತ್ತು ಕಾಯಿನ್ ಪಡೆದವರನ್ನು ಶ್ರೀಮಂತರಾಗಿಸಿದ್ದು ಗಂಟೆಗೊಮ್ಮೆ ಒತ್ತಿದ ಶ್ರಮವಲ್ಲ, ಬೆಲೆ ಏರಿದ್ದು ಮತ್ತು ಅಷ್ಟು ವರ್ಷ ಕೀಲಿ ಕಳೆಯದೆ ಕಾದದ್ದು. ಎರಡು ಸೆಂಟಿನ ವಸ್ತುವಿನ ಪಾಸ್‌ವರ್ಡನ್ನು ಯಾರು ಬೀರುವಿನಲ್ಲಿಡುತ್ತಾರೆ? ಬೆಲೆ ಏರುತ್ತದೆಂಬ ನಂಬಿಕೆ ಇದ್ದವನಿಗೂ ಇವತ್ತು ನಲ್ಲಿ ಬೇಕಿಲ್ಲ. ಸತೋಶಿಗೆ ಎಂಟು ಪೈಸೆಯಂತೆ 324 ರೂಪಾಯಿ ಕೊಟ್ಟರೆ ಅದೇ 4,050 ಸತೋಶಿ ಒಂದೇ ಗಂಟಾಗಿ ಎರಡು ನಿಮಿಷದಲ್ಲಿ ಸಿಗುತ್ತದೆ, ಇಪ್ಪತ್ತೆರಡು ಗಂಟೆ ಉಳಿಯುತ್ತದೆ. ನಂಬಿಕೆ ಸರಿಯೋ ತಪ್ಪೋ ಎಂಬುದು ಬೇರೆಯೇ ಪ್ರಶ್ನೆ.

ಉದ್ರಿ ಪುಸ್ತಕದ ಉಪಾಯ

ಸಣ್ಣ ಮೊತ್ತ ಸಾಗಿಸುವ ಸಮಸ್ಯೆಗೆ ನಮ್ಮ ಕಿರಾಣಿ ಅಂಗಡಿಯಲ್ಲಿ ಹಳೆಯ ಉತ್ತರವಿದೆ: ಉದ್ರಿ ಪುಸ್ತಕ. ಬೆಂಕಿಪೊಟ್ಟಣ, ಕಾಲು ಕಿಲೊ ಬೆಲ್ಲ ಎಂದು ತಿಂಗಳಿಡೀ ಬರೆಸಿ, ಸಂಬಳದ ದಿನ ಒಂದೇ ಸಲ ಚುಕ್ತಾ. ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಎಂಬ ಜಾಲದ ಹೂರಣವೂ ಇದೇ. ಇಬ್ಬರು ಸೇರಿ ಒಂದಿಷ್ಟು ಬಿಟ್‌ಕಾಯಿನ್ ಕಟ್ಟಿಟ್ಟು ಚಾನೆಲ್ ತೆರೆಯುತ್ತಾರೆ, ಆಮೇಲಿನ ಕೊಡುಕೊಳೆ ಅವರ ನಡುವಿನ ಲೆಕ್ಕದಲ್ಲೇ ನಡೆಯುತ್ತದೆ, ಮುಖ್ಯ ಜಾಲಕ್ಕೆ ಬರುವುದು ಚಾನೆಲ್ ತೆರೆಯುವ ಮತ್ತು ಮುಚ್ಚುವ ಹೊತ್ತಿಗೆ ಮಾತ್ರ. ಸತೋಶಿಯ ಸಾವಿರದ ಒಂದು ಪಾಲನ್ನೂ ಅದು ಲೆಕ್ಕ ಹಿಡಿಯಬಲ್ಲದು. ಸಣ್ಣ ಮೊತ್ತ ಬರುವುದಿದ್ದರೆ ಲೈಟ್ನಿಂಗ್‌ನಲ್ಲೇ ತರಿಸಿಕೊಂಡು, ಲೈಟ್ನಿಂಗ್‌ನಲ್ಲೇ ಖರ್ಚು ಮಾಡುವುದು ಜಾಣತನ.

ಕ್ರಿಪ್ಟೊ ಕೊಂಡು ಮಾರುವ ಎಕ್ಸ್‌ಚೇಂಜಿನಲ್ಲೇ ಬಿಡುವುದು ಇನ್ನೊಂದು ದಾರಿ. ಅಲ್ಲೂ ಹನಿಗಳು ಬೆರೆಯುತ್ತವೆ, ಕೆಲವು ಕಡೆ ಚೂರುಪಾರು ಟೋಕನ್‌ಗಳನ್ನು ಒಂದೇ ಬಗೆಗೆ ಬದಲಾಯಿಸುವ ಸೌಲಭ್ಯವೂ ಇದೆ. ಆದರೆ ಪುಸ್ತಕ ಅಂಗಡಿಯವನ ಕೈಯಲ್ಲಿರುತ್ತದೆ. 2024ರ ಜುಲೈಯಲ್ಲಿ ಎಕ್ಸ್‌ಚೇಂಜುಗಳಲ್ಲೊಂದಾದ ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರಿನ ಕ್ರಿಪ್ಟೊ ಕಳವಾದಾಗ ಬಳಕೆದಾರರು ತಮ್ಮ ಹಣಕ್ಕೆ ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ವ್ಯಾಲೆಟ್ಟಿನಲ್ಲಿ ಧೂಳಿದ್ದರೆ

ಈಗಾಗಲೇ ಸಣ್ಣ ಬಿಡಿಗಳು ಸೇರಿದ್ದರೆ ಶುಲ್ಕ ತೀರ ಇಳಿದ ದಿನ, ಸಾಮಾನ್ಯವಾಗಿ ವಾರಾಂತ್ಯದಲ್ಲಿ, ಎಲ್ಲವನ್ನೂ ನಿಮ್ಮದೇ ವಿಳಾಸಕ್ಕೆ ಒಂದೇ ಗಂಟಾಗಿ ಕಳಿಸಿಕೊಳ್ಳಿ. ಮೇಲಿನ ನೂರು ಬಿಡಿಗಳ ಗಂಟಿಗೆ ಬೈಟಿಗೊಂದು ಸತೋಶಿಯ ದಿನ ಬೀಳುವ ಖರ್ಚು 547 ರೂಪಾಯಿ ಮಾತ್ರ. ಗಂಟು ಕಟ್ಟಿದ ಕೂಡಲೇ ಆ ವಿಳಾಸಗಳೆಲ್ಲ ಒಬ್ಬರವೇ ಎಂದು ಲೋಕಕ್ಕೆ ತಿಳಿಯುತ್ತದೆ ಎಂಬುದು ನೆನಪಿರಲಿ.

ಕರೆಯದೆ ಬಂದ ಧೂಳನ್ನು ಮಾತ್ರ ಗಂಟಿಗೆ ಸೇರಿಸಬೇಡಿ. ಸಾವಿರಾರು ವಿಳಾಸಗಳಿಗೆ ಚೂರು ಚೂರು ಎರಚಿ, ಯಾರು ಯಾವುದರ ಜೊತೆ ಸೇರಿಸುತ್ತಾರೆಂದು ಕಾದು ಜಾಡು ಹಿಡಿಯುವವರಿದ್ದಾರೆ. ಎಲೆಕ್ಟ್ರಂ, ಸ್ಪ್ಯಾರೋದಂಥ ವ್ಯಾಲೆಟ್‌ಗಳಲ್ಲಿ ಅಂಥ ಬಿಡಿಯನ್ನು ಬಳಸದಂತೆ ಬೀಗ ಹಾಕಬಹುದು. ಎಥೀರಿಯಂ, ಟ್ರಾನ್ ಜಾಲಗಳಲ್ಲಿ ಇನ್ನೊಂದು ಆಟ: ನಿಮ್ಮ ಪರಿಚಿತರ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳನ್ನೇ ಹೋಲುವ ವಿಳಾಸದಿಂದ ಪುಡಿಗಾಸು ಬರುತ್ತದೆ. ಮುಂದಿನ ಸಲ ನೀವು ಹಳೆಯ ಪಟ್ಟಿಯಿಂದ ವಿಳಾಸ ನಕಲಿಸಿದರೆ ಹಣ ಕಳ್ಳನಿಗೆ ಹೋಗುತ್ತದೆ. “ನಿಮ್ಮ ಬಿಟ್‌ಕಾಯಿನ್ ಸಿಕ್ಕಿಕೊಂಡಿದೆ, ಬಿಡಿಸಲು ಮೊದಲು ಇಷ್ಟು ಕಟ್ಟಿ” ಎಂದವರಿಗೆ ಒಂದು ಪೈಸೆಯನ್ನೂ ಕಟ್ಟಬೇಡಿ.

ತೆರಿಗೆಯೂ ಒಂದು ಕೂಲಿಯೇ. ಭಾರತದಲ್ಲಿ 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಮಾರಿದ ಲಾಭಕ್ಕೆ ಶೇ 30 ತೆರಿಗೆ, ಮೇಲೆ ಸೆಸ್. ಬೇರೆ ಆದಾಯವಿಲ್ಲದ ವಿದ್ಯಾರ್ಥಿಗೂ ಇದರಲ್ಲಿ ವಿನಾಯಿತಿಯ ಮಿತಿ ಅನ್ವಯಿಸುವುದಿಲ್ಲ. ಕೊಂಡ ಬೆಲೆಯ ಹೊರತು ಬೇರೆ ಖರ್ಚನ್ನು ಕಳೆಯುವಂತಿಲ್ಲ. ದಾರಿಯಲ್ಲಿ ತೆತ್ತ ಶುಲ್ಕವೂ ನಿಮ್ಮ ಪಾಡು. ಒಂದರ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡುವಂತಿಲ್ಲ. ಮೂರು ಸತೋಶಿಯಂತೆ ಸಾವಿರ ಸಲ ಬಂದದ್ದರ ಲೆಕ್ಕ ಬರೆದಿಡುವ ಹೊತ್ತನ್ನೂ ಕೂಲಿಗೆ ಸೇರಿಸಿಕೊಳ್ಳಿ.

ಕೊನೆಗೆ ಮಾಡಿದ್ದು

ಆ ಸಂಜೆ ನಮ್ಮಿಬ್ಬರ ಚಿಲ್ಲರೆಗೂ ಒಂದೇ ಅಳತೆಗೋಲು ಹಿಡಿದೆವು: ಕೂಡಿಸಲು ಎಷ್ಟು ಹೊತ್ತು, ಕಾಯಲು ಎಷ್ಟು ಕಷ್ಟ, ಖರ್ಚು ಮಾಡಲು ಎಷ್ಟು ಖರ್ಚು. ಅವನದಕ್ಕೆ ಮೂರರಲ್ಲೂ ಸೋಲು. ಸತೋಶಿ ಹೇಗೆ ಓಡಾಡುತ್ತದೆಂದು ಕಲಿತದ್ದಕ್ಕೆ ಅದನ್ನು ಪಾಠದ ಫೀಸು ಎಂದು ಬರೆದುಕೊಂಡು ತಾಣವನ್ನು ಮೊಬೈಲಿನಿಂದ ತೆಗೆದ.

ನನ್ನದರಲ್ಲಿ ಒಂದು ರೂಪಾಯಿಯವನ್ನು ನೂರು ನೂರರ ಎರಡು ಪೊಟ್ಟಣ ಕಟ್ಟಿದೆ. ಬ್ಯಾಂಕಿಗೆ ಹೋಗಲು ಎರಡು ಬಸ್ ಬದಲಿಸಬೇಕಿತ್ತು. ಅದರ ಬದಲು ಬೀದಿಯ ತುದಿಯ ಕಿರಾಣಿ ಅಂಗಡಿಗೆ ಹೋಗಿ, “ಶೆಟ್ಟರೇ, ಚಿಲ್ಲರೆ ಬೇಕಾ?” ಎಂದೆ. ಅವರು ತೂಗುತ್ತಿದ್ದ ತೊಗರಿಬೇಳೆ ಬಿಟ್ಟು, ಎಣಿಸದೆಯೇ ಎರಡು ಪೊಟ್ಟಣ ಗಲ್ಲಾಕ್ಕೆ ಹಾಕಿಕೊಂಡು ಇನ್ನೂರರ ಒಂದು ನೋಟು ಕೊಟ್ಟರು. “ಇನ್ನೂ ಇದ್ರೆ ತನ್ನಿ ಸ್ವಾಮಿ, ದಿನಾ ಚಿಲ್ಲರೆಗೆ ಜಗಳ ಆಗಿಹೋಗಿದೆ” ಎಂದರು. ಎಂಟಾಣೆ ತೋರಿಸಿದೆ. ನಕ್ಕು ತಲೆಯಾಡಿಸಿದರು.